ಷೆಡ್ಡಿನಲ್ಲಿ ನಿಂತ ಗಾಡಿಗೂ ಆರೈಕೆ ಬೇಕು

ಶೀತ ದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಚಳಿಗಾಲ ಬಂತೆಂದರೆ ಅದನ್ನು ರಸ್ತೆಗಿಳಿಸದೆ ನಾಲ್ಕೈದು ತಿಂಗಳು ಕ್ರಮವಾಗಿ ಒಳಗಿರಿಸುತ್ತಾರೆ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಚನ್ನರಾಯನದುರ್ಗದ ಸುತ್ತಿನ ನಮಗೆ ಹಿಮದ ಭಯವಿಲ್ಲ. ಆದರೂ ನಮ್ಮ ತೋಟದ ಮನೆಗಳಲ್ಲಿ ಹಳೆಯ ಗಾಡಿಗಳು ನಿಂತಲ್ಲೇ ಹಾಳಾಗುತ್ತಿವೆ. ಇದಕ್ಕೆ ಕಾರಣ ರಸ್ತೆಯಲ್ಲಿಲ್ಲ, ನಮ್ಮ ಷೆಡ್ಡಿನೊಳಗೇ ಇದೆ ಎಂಬುದು ನಮ್ಮ ಅಭಿಪ್ರಾಯ.

ಸ್ಪೋರ್ಟ್ಸ್ ಕಾರಿನ ಮಾತು ಸಣ್ಣ ಬೆಳೆಗಾರರಿಗೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಹಿರಿಯರು ಮರೆತಿರಲಾರರು. ಇಂಗ್ಲೆಂಡಿನಲ್ಲಿ ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕುಮಾಡಿ, 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ನಮ್ಮ ಬೆಂಗಳೂರಿನಲ್ಲೇ 1982ರಲ್ಲಿ ಸಿಪಾನಿಯವರ ಡಾಲ್ಫಿನ್ ಬಂತು. ಫೈಬರ್‌ಗ್ಲಾಸ್ ಮೈಯ ಹಗುರವಾದ ಪುಟ್ಟ ಗಾಡಿ. ಇವಲ್ಲದೆ ತಂದೆಯವರ ಕಾಲದ ಜೀಪು, ಅಂಬಾಸಿಡರ್, ಫಿಯಟ್ ಎಷ್ಟು ಮನೆಗಳಲ್ಲಿಲ್ಲ? ಗಾಡಿ ಯಾವುದಾದರೇನು, ನಿಲ್ಲಿಸಿಡುವ ಕ್ರಮ ಒಂದೇ.

ಮಲೆನಾಡಿನ ಕಾಫಿ ಬೆಳೆಗಾರರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಳಗಿಡುವ ಕಾಲ. ನಮ್ಮ ಕೊರಟಗೆರೆ, ಮಧುಗಿರಿ ಕಡೆ ಹಿಂಗಾರಿನದೇ ಭರಾಟೆ; ಹಸ್ತಾ, ಚಿತ್ತಾ ಮಳೆಯ ಹೊತ್ತಿಗೇ ಅಡಿಕೆ ಕೊಯ್ಲೂ ಬರುತ್ತದೆ. ಆಗ ಷೆಡ್ಡಿನಲ್ಲಿದ್ದ ಗಾಡಿಯನ್ನು ಒಂದೋ ಹೊರಗೆ ತಳ್ಳಿ ಪ್ಲಾಸ್ಟಿಕ್ ಟಾರ್ಪಾಲು ಹೊದಿಸುತ್ತೇವೆ, ಇಲ್ಲವೇ ಗೊಬ್ಬರದ ಚೀಲಗಳ ಪಕ್ಕಕ್ಕೆ ಸರಿಸುತ್ತೇವೆ. ಎರಡೂ ತಪ್ಪು. ಟಾರ್ಪಾಲು ಮೇಲಿನ ಮಳೆಯನ್ನು ತಡೆಯುತ್ತದೆ, ಆದರೆ ನೆಲದಿಂದೇಳುವ ತೇವವನ್ನು ಒಳಗೇ ಹಿಡಿದಿಡುತ್ತದೆ. ಗೊಬ್ಬರದ ವಿಚಾರ ಇನ್ನೂ ಗಂಭೀರ. ನಾವು ತರುವ ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಅಡಿಗೆ ಉಪ್ಪಿನಲ್ಲಿರುವ ಕ್ಲೋರೈಡ್ ಇದರಲ್ಲೂ ಇದೆ. ಗಾಳಿಯ ತೇವ ಹೀರಿ ಅದು ಒಸರಿದರೆ, ವಿದೇಶದ ರಸ್ತೆಯ ಉಪ್ಪು ಮಾಡುವ ಕೆಲಸವನ್ನೇ ಇಲ್ಲಿ ಮಾಡುತ್ತದೆ. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತವೂ ಕಬ್ಬಿಣಕ್ಕೆ ಶತ್ರು. ಅಡಿಕೆ ಬೇಯಿಸುವ ಹಂಡೆಯ ಹಬೆ ತುಂಬುವ ಕೋಣೆಯೂ ಗಾಡಿಗೆ ಯೋಗ್ಯವಲ್ಲ.

ಸಂಘದ ಗೋದಾಮಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟರಾಗದೇ ಎಂಬ ಪ್ರಶ್ನೆ ಬರುವುದು ಸಹಜ. ಆಗದು ಎಂದೇ ಹೇಳಬೇಕಾಗುತ್ತದೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುವ ಪದಾರ್ಥ. ಅಡಿಕೆಯ ಬಳಿಯೂ ಪೆಟ್ರೋಲು, ಆಯಿಲು ಇರಕೂಡದು. ಬೆಳೆ, ಗೊಬ್ಬರ, ಗಾಡಿ ಈ ಮೂರಕ್ಕೂ ಬೇರೆ ಬೇರೆ ಜಾಗವಿರಬೇಕು. ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿ, ನೆಲವನ್ನು ಒಂದಡಿ ಎತ್ತರಿಸಿ, ಗಾಳಿಯಾಡುವಂತೆ ಬಿಟ್ಟರೆ ಸಾಕು. ಹೊದಿಕೆ ಹತ್ತಿಯ ಬಟ್ಟೆಯದಾಗಿರಲಿ.

ನಿಲ್ಲಿಸುವ ಮುನ್ನ ಮಾಡಬೇಕಾದ ಕೆಲಸಗಳೂ ಹೆಚ್ಚಿಲ್ಲ. ಅಡಿಭಾಗದ ಕೆಸರು ತೊಳೆದು ಪೂರ್ತಿ ಒಣಗಿಸಬೇಕು. ಹಳೆಯ ಎಂಜಿನ್ ಆಯಿಲಿನಲ್ಲಿ ಆಮ್ಲವೂ ನೀರೂ ಸೇರಿರುವುದರಿಂದ ಹೊಸದನ್ನು ಹಾಕಿಯೇ ನಿಲ್ಲಿಸಬೇಕು. ಬ್ಯಾಟರಿ ಬಿಚ್ಚಿ ತಿಂಗಳಿಗೊಮ್ಮೆ ಚಾರ್ಜು ಮಾಡಿಸಬೇಕು. ಹ್ಯಾಂಡ್ ಬ್ರೇಕು ಎಳೆದಿಟ್ಟರೆ ಅಂಟಿಕೊಳ್ಳುತ್ತದೆ. ಅದರ ಬದಲು ಚಕ್ರಕ್ಕೆ ಮರದ ತುಂಡು ಕೊಡುವುದು ಲೇಸು. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿದರೆ ಇಲಿ ನುಗ್ಗದು. ಬಟ್ಟೆ ಇರುವ ಸಂಗತಿಯನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿ. ನಮ್ಮ ಕೊಳವೆ ಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬಿದರೆ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟುತ್ತದೆ. ಕೂಲೆಂಟನ್ನೇ ಹಾಕಿಸಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಅನೇಕರಲ್ಲಿದೆ. ಒಳ್ಳೆಯದೆಂದೇ ಮಾಡುತ್ತಾರೆ, ಆದರೆ ಇದರಿಂದ ಕೆಡುಕೇ ಹೆಚ್ಚು. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರು ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಓಡಿಸುವುದಾದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ. ಇಲ್ಲವಾದರೆ ಮುಟ್ಟದೆ ಬಿಡಿ.

ಇಂದಿನ ಪೆಟ್ರೋಲಿನ ವಿಚಾರ ಹಿಂದಿನಂತಿಲ್ಲ. ಶೇ. 20 ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶವೆಲ್ಲ ಹರಡಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತನಿಗೆ ಇದರಿಂದ ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಥನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಹಳೆಯ ಗಾಡಿಯ ರಬ್ಬರ್ ಕೊಳವೆಗಳು ಇದನ್ನು ತಾಳುವಂತೆ ಮಾಡಿದವಲ್ಲ. ಆದ್ದರಿಂದ ತಿಂಗಳುಗಟ್ಟಲೆ ನಿಲ್ಲಿಸುವವರು ಮೆಕ್ಯಾನಿಕ್‌ನಿಂದ ಟ್ಯಾಂಕು, ಕಾರ್ಬುರೇಟರ್ ಖಾಲಿ ಮಾಡಿಸಿ, ಟ್ಯಾಂಕಿನ ಒಳಮೈಗೆ ಆಯಿಲು ಸವರಿಸಲಿ. ಆ ಕೆಲಸ ಬಯಲಿನಲ್ಲಿ, ಅಡಿಕೆ ಒಲೆಯಿಂದ ದೂರದಲ್ಲಿ ನಡೆಯಲಿ. ಡೀಸೆಲ್ ಗಾಡಿಗಾದರೆ ಟ್ಯಾಂಕು ತುಂಬಿಡುವುದೇ ಸರಿ. ಕಾರೇ ಇಲ್ಲದವರಿಗೂ ಈ ಮಾತು ಅನ್ವಯಿಸುತ್ತದೆ: ಕಳೆ ಕತ್ತರಿಸುವ ಯಂತ್ರ, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರುಗಳ ಪೆಟ್ರೋಲನ್ನೂ ಹಂಗಾಮು ಮುಗಿದೊಡನೆ ಬಸಿಯಿರಿ.

ಕಾಗದಪತ್ರಗಳ ಕಡೆಗೂ ಗಮನವಿರಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ತಂದಿತು. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಷೆಡ್ಡಿನಲ್ಲಿ ಚಾಸಿ ಕರಗಿಹೋದ ಗಾಡಿಗೆ ಈ ಸೌಲಭ್ಯ ಹೇಗೆ ಒದಗೀತು?

ಪ್ರತಿಯೊಬ್ಬರೂ ಹಳೆಯ ಗಾಡಿ ಉಳಿಸಿಕೊಳ್ಳಲೇಬೇಕೆಂದು ನಾವು ಹೇಳುತ್ತಿಲ್ಲ. ಜಾಗ, ಸಮಯ, ಹಣ ಇಲ್ಲದವರು ಈಗಲೇ ಓಡಿಸಬಲ್ಲವರಿಗೆ ಮಾರುವುದು ಮೇಲು. ಗಾಡಿಯೂ ಉಳಿಯುತ್ತದೆ, ಕೈಗೆ ಕಾಸೂ ಬರುತ್ತದೆ. ಮಾರಲೂ ಮನಸ್ಸಿಲ್ಲ, ನೋಡಿಕೊಳ್ಳಲೂ ಪುರುಸೊತ್ತಿಲ್ಲ ಎಂದು ಹತ್ತು ವರ್ಷ ಕಳೆದವರಿಗೆ ಕೊನೆಗೆ ಸಿಗುವುದು ಗುಜರಿಯವನ ತೂಕದ ಬೆಲೆ ಮಾತ್ರ. ಒಣಗಿಸಿದ ಅಡಿಕೆಯನ್ನು ತೇವದ ನೆಲಕ್ಕೆ ಸುರಿಯುವ ಬೆಳೆಗಾರ ನಮ್ಮಲ್ಲಿ ಒಬ್ಬನೂ ಇಲ್ಲ. ಅಷ್ಟೇ ಎಚ್ಚರವನ್ನು ಗಾಡಿಯ ವಿಷಯದಲ್ಲೂ ಸದಸ್ಯರು ತೋರಲಿ. ಈ ಹಿಂಗಾರಿಗೆ ಮೊದಲೇ ಗೊಬ್ಬರದ ಚೀಲಗಳನ್ನು ಅದರ ಪಕ್ಕದಿಂದ ತೆಗೆಸಲಿ.