ಜಾಣ್ಮೆಗೊಂದು ಹಾದಿ ಬೇಕು

ಭೂಗತ ಲೋಕದ ಹೆಂಗಸರ ಕಥೆಗೆ ಈಗ ಎಲ್ಲಿಲ್ಲದ ಬೇಡಿಕೆ. 2022ರಲ್ಲಿ ತೆರೆಕಂಡ ಕಾಮಾಠಿಪುರದ ಗಂಗೂಬಾಯಿಯ ಚಿತ್ರವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅದಕ್ಕೆ ಆಧಾರವಾದುದು ಹುಸೇನ್ ಝೈದಿಯವರ 2011ರ ಪುಸ್ತಕ. ಅದರಲ್ಲಿ ಇನ್ನೊಬ್ಬಳಿದ್ದಾಳೆ: ಡೋಂಗ್ರಿಯ ಜೇನಾಬಾಯಿ. ನಮ್ಮನ್ನು ವಿಚಾರಕ್ಕೆ ಹಚ್ಚಿದವಳು ಅವಳೇ.

ಆ ಪುಸ್ತಕ ಹೇಳುವ ಕಥೆ ಇಷ್ಟು. ದೇಶ ಇಬ್ಭಾಗವಾದಾಗ ಗಂಡ ಪಾಕಿಸ್ತಾನಕ್ಕೆ ಹೊರಟ. ಈಕೆ ಮಕ್ಕಳೊಡನೆ ಮುಂಬಯಿಯಲ್ಲಿಯೇ ಉಳಿದಳು. ಹೊಟ್ಟೆಪಾಡಿಗೆ ಅಕ್ಕಿ ಮಾರತೊಡಗಿದಳು. ಅದು ಪಡಿತರದ ಕಾಲ. ಚೀಟಿಯ ಅಕ್ಕಿ ಸಾಲದು, ಹೊರಗಿನ ಅಕ್ಕಿ ತರಕೂಡದು. ಸಾಲದು, ಕೂಡದು ಎಂಬೆರಡು ಮಾತುಗಳ ಸಂದಿಯಲ್ಲಿಯೇ ಅಲ್ಲವೆ ಕಾಳಸಂತೆ ಹುಟ್ಟುವುದು? ಬಳಿಕ 1949ರ ಪಾನನಿರೋಧ ಕಾಯದೆ ಬಂದಿತು. ಅಕ್ಕಿಯ ಜೇನಾಬಾಯಿ ‘ದಾರೂವಾಲಿ’ ಆದಳು. ಹಾಜಿ ಮಸ್ತಾನನಂಥವನೂ ಅವಳ ಸಲಹೆ ಕೇಳುತ್ತಿದ್ದನಂತೆ. ಪೊಲೀಸರಿಗೂ ಅವಳಿಂದ ಸುದ್ದಿ ಹೋಗುತ್ತಿತ್ತು. ಇಷ್ಟೆಲ್ಲ ಗಳಿಸಿದವಳಿಗೆ ಮಗನ ಕೊಲೆಯನ್ನು ಮಾತ್ರ ತಪ್ಪಿಸಲಾಗಲಿಲ್ಲ.

ಕಡಲಾಚೆಗೂ ಇಂಥವಳೊಬ್ಬಳಿದ್ದಳು. ಕೆರಿಬಿಯನ್ ದ್ವೀಪದಿಂದ ನ್ಯೂಯಾರ್ಕಿನ ಹಾರ್ಲೆಮಿಗೆ ವಲಸೆ ಬಂದ ಕಪ್ಪು ವರ್ಣದ ಹೆಣ್ಣು, ಸ್ಟೆಫನಿ ಸೇಂಟ್ ಕ್ಲೇರ್. ಬ್ಯಾಂಕುಗಳ ಬಾಗಿಲು ಕಪ್ಪು ಜನರಿಗೆ ಸುಲಭವಾಗಿ ತೆರೆಯದಿದ್ದ 1920ರ ದಶಕದಲ್ಲಿ, ನಮ್ಮ ಮಟ್ಕಾದಂಥ ಅಂಕಿಯಾಟ ನಡೆಯಿಸಿ ಸಿರಿವಂತೆಯಾದಳು. ಲಂಚ ತಿನ್ನುವ ಪೊಲೀಸರನ್ನು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ ಬಯಲಿಗೆಳೆದಳು. ಆಟವನ್ನು ಕಸಿಯಲು ಬಂದ ಡಚ್ ಶುಲ್ಟ್ಜನಿಗೆ ಮಣಿಯಲಿಲ್ಲ. 1935ರಲ್ಲಿ ಅವನು ಗುಂಡೇಟು ತಿಂದು ಮಲಗಿದ್ದಾಗ, ‘ಬಿತ್ತಿದ್ದನ್ನೇ ಬೆಳೆಯುವೆ’ ಎಂಬರ್ಥದ ತಂತಿ ಕಳುಹಿಸಿದಳು. ಆದರೆ ಅವಳ ಬೆಳೆಯೂ ಬೇರೆಯಾಗಿರಲಿಲ್ಲ: 1938ರಲ್ಲಿ ಸಂಗಾತಿಯ ಮೇಲೆ ಗುಂಡು ಹಾರಿಸಿ ಸೆರೆಮನೆ ಸೇರಿದಳು.

ಇವರನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಸಾರಾಯಿಯೂ ಅಂಕಿಯಾಟವೂ ಬಡವನ ಸಂಬಳವನ್ನು ಮನೆ ಮುಟ್ಟಗೊಡವು. ಕಲ್ಯಾಣ, ಡೊಂಬಿವಲಿಯ ತಾಯಂದಿರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಲೆಕ್ಕ, ಧೈರ್ಯ, ಮನುಷ್ಯರನ್ನು ಅಳೆಯುವ ಕಣ್ಣು ಇವರಲ್ಲಿ ಇದ್ದವಷ್ಟೆ? ಅವುಗಳಿಗೆ ನೆಟ್ಟಗಿನ ಹಾದಿ ಸಿಕ್ಕಲಿಲ್ಲ; ಸಿಕ್ಕ ಹಾದಿಯಲ್ಲಿ ನಡೆದವು.

ಅದೇ ಗುಣಗಳು ನಮ್ಮ ಮನೆಗಳಲ್ಲಿಯೂ ಇವೆ. ಊರು ಬಿಟ್ಟು ಬಂದು, ಒಂದೇ ಸಂಬಳದಲ್ಲಿ ಬಾಡಿಗೆ, ರೈಲಿನ ಪಾಸು, ಮಕ್ಕಳ ಫೀಸು, ಊರಿಗೆ ಕಳುಹಿಸುವ ಹಣ ಎಲ್ಲವನ್ನೂ ಸರಿದೂಗಿಸಿ, ಚೀಟಿಗೂ ನಾಲ್ಕು ಕಾಸು ಕಟ್ಟುವಾಕೆ ಯಾವ ಗುಮಾಸ್ತನಿಗೆ ಕಡಿಮೆ? ನಾವಂತೂ ಕಚೇರಿಯಲ್ಲಿ ಅಷ್ಟು ಚೊಕ್ಕ ಲೆಕ್ಕವನ್ನು ದಿನಾಲೂ ಕಾಣುವುದಿಲ್ಲ. ಆದರೂ ಸಂಘದ ಕೆಲಸ ಹಂಚುವಾಗ ಆಕೆಗೆ ರಂಗೋಲಿಯ ಸ್ಪರ್ಧೆ, ಅರಿಶಿಣ ಕುಂಕುಮ. ಲೆಕ್ಕದ ಪುಸ್ತಕ ಮಾತ್ರ ಗಂಡಸರ ಬಗಲಲ್ಲಿ. ಇದು ಹಲವು ಸಂಘಗಳ ರೂಢಿ.

ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿಯ ಹೆಸರು ಸೂಚಿಸುವಾಗ ಸದಸ್ಯರು ಹಿಂದಿನ ಸಾಲಿನ ಕುರ್ಚಿಗಳ ಕಡೆಗೂ ಒಮ್ಮೆ ನೋಡಲಿ. ಇಷ್ಟೇ ನಮ್ಮ ಸೂಚನೆ.