ಪದಕವನ್ನು ಬೇಡಿ ಪಡೆಯಬೇಕೆ?

ವಿಲ್ಸನ್ ಗಾರ್ಡನ್ನಿನ ನಮ್ಮ ಬೀದಿಯಲ್ಲಿ ಬೆಳಗಿನ ನಡಿಗೆ ಮುಗಿಸಿ ಕಾಫಿಗೆ ಸೇರುವ ಹಿರಿಯರ ಬಾಯಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: “ಒಂದು ಬಿಲ್ಲೆಗಾಗಿ ಈ ವಯಸ್ಸಿನಲ್ಲಿ ಇಷ್ಟೊಂದು ಓಡಾಟ ಬೇಕೇನ್ರೀ?” ಮಾತಿನ ಗುರಿ ನಮ್ಮ ನೆರೆಯ ನಿವೃತ್ತ ಹವಾಲ್ದಾರರು. ಎಂಬತ್ತರ ಅಂಚಿನಲ್ಲಿರುವ ಅವರು ತಮಗೆ ಸಲ್ಲಬೇಕಾದ ಪಶ್ಚಿಮಿ ಸ್ಟಾರ್ ಎಂಬ ಪದಕಕ್ಕಾಗಿ ವರ್ಷಗಳಿಂದ ಪತ್ರ ಬರೆಯುತ್ತಲೇ ಇದ್ದಾರೆ. ಹಾಗೆ ಆಡುವವರು ಕೆಟ್ಟವರಲ್ಲ. ಅವರ ಮೊಣಕಾಲಿನ ಮೇಲಿನ ಮರುಕದಿಂದಲೇ ಆಡುತ್ತಾರೆ. ಆದರೂ ಆ ಮಾತು ತಪ್ಪು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕಡತಗಳ ಮುಂದೆ ಕುಳಿತು ಸಹಿ ಹಾಕುವ ಸ್ಥಾನದಲ್ಲಿದ್ದೀರಿ. ಆದುದರಿಂದ ಇದನ್ನು ನಿಮ್ಮನ್ನು ಉದ್ದೇಶಿಸಿಯೇ ಬರೆಯುತ್ತಿದ್ದೇನೆ.

ಮೊದಲು ಆ ‘ಬಿಲ್ಲೆ’ ಏನೆಂಬುದು ತಿಳಿದಿರಲಿ. 1971ರ ಡಿಸೆಂಬರ್ 3ರಿಂದ 17ರವರೆಗಿನ ಯುದ್ಧದಲ್ಲಿ ಪಶ್ಚಿಮ ರಣರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್ ಎಂದು ಸರ್ಕಾರ ಗೊತ್ತುಮಾಡಿತು. ಇನ್ನೂ ವಿಶಾಲವಾಗಿ ಆ ಕಾಲದ ಸೇವೆಗಾಗಿ ಸಂಗ್ರಾಮ ಪದಕವಿದೆ. ಇವು ಪರಮವೀರ ಚಕ್ರ, ಮಹಾವೀರ ಚಕ್ರಗಳಂತೆ ಶೌರ್ಯಕ್ಕೆ ಕೊಡುವ ಬಿರುದುಗಳಲ್ಲ. ತಿಂಗಳಿಗೆ ಒಂದು ಕಾಸನ್ನೂ ತರುವುದಿಲ್ಲ. ‘ಈ ಮನುಷ್ಯ ಆ ದಿನಗಳಲ್ಲಿ ಅಲ್ಲಿದ್ದ’ ಎಂದಷ್ಟೇ ಅವು ಹೇಳುತ್ತವೆ. ನಮ್ಮ ಸೇನೆಯ ದುಂಡು ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳಗಳನ್ನು ಕೆತ್ತುವ ರೂಢಿಯಿದೆ. ಅರ್ಥಾತ್ ಅದು ಲೋಹದ ಮೇಲೆ ಬರೆದ ಒಂದು ದಾಖಲೆ. ಅದನ್ನು ಕೇಳುವವನು ಆಭರಣವನ್ನು ಕೇಳುತ್ತಿಲ್ಲ, ಕಡತದಲ್ಲಿ ಬಿಟ್ಟುಹೋದ ಒಂದು ಸಾಲನ್ನು ಕೇಳುತ್ತಿದ್ದಾನೆ.

ಆ ಸಾಲು ಬಿಟ್ಟುಹೋದದ್ದು ಹೇಗೆ? ಸೇನೆಯಲ್ಲಿ ಸೈನಿಕನಿಗೆ ಸಂಬಂಧಿಸಿದ ಪ್ರತಿಯೊಂದು ಸಂಗತಿಯೂ, ಅದು ವರ್ಗಾವಣೆಯಾಗಲಿ, ಬಡ್ತಿಯಾಗಲಿ, ಮದುವೆಯಾಗಲಿ, ಮಗುವಿನ ಜನನವಾಗಲಿ, ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ಪ್ರಕಟವಾಗಬೇಕು. ಅದನ್ನು ಆಧರಿಸಿ ದೂರದ ದಾಖಲೆ ಕಚೇರಿಯವರು ಅವನ ಶೀಟ್ ರೋಲ್‌ನಲ್ಲಿ ನಮೂದಿಸುತ್ತಾರೆ. ಆದೇಶ ಹೊರಡದಿದ್ದರೆ ಕಾಗದದ ಮಟ್ಟಿಗೆ ಆ ಸಂಗತಿ ನಡೆದೇ ಇಲ್ಲ. ನಮ್ಮ ಹವಾಲ್ದಾರರನ್ನು ಯುದ್ಧಕ್ಕೆ ಕೆಲವೇ ವಾರಗಳ ಮುಂಚೆ ತಾತ್ಕಾಲಿಕವಾಗಿ ಇನ್ನೊಂದು ದಳಕ್ಕೆ ಕಳುಹಿಸಿದ್ದರು. ಮೂಲ ದಳದವರು ‘ಅವನು ನಮ್ಮಲ್ಲಿಲ್ಲ’ ಎಂದು ಪದಕದ ಪಟ್ಟಿಯಿಂದ ಬಿಟ್ಟರು. ಹೋದ ದಳದವರು ‘ಅವನು ನಮ್ಮವನಲ್ಲ’ ಎಂದು ಬಿಟ್ಟರು. ಗುಂಡು ಹಾರುತ್ತಿದ್ದ ಕಡೆ ಅವರು ಇದ್ದರು, ಎರಡು ಪಟ್ಟಿಗಳಲ್ಲಿಯೂ ಇರಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲವೆಂದು ಒಪ್ಪುತ್ತೇನೆ. ಯುದ್ಧಕಾಲದಲ್ಲಿ ಗುಮಾಸ್ತನೂ ಕಂದಕದಲ್ಲಿ ಕುಳಿತೇ ಬರೆಯುತ್ತಾನೆ.

ಒಪ್ಪಲಾಗದ್ದು ಅನಂತರದ ನಡೆ. ಕಚೇರಿಯ ಹೆಸರು ಬೇಡ, ಅಲ್ಲಿಂದ ಬಂದ ಉತ್ತರದ ಸಾರವಿಷ್ಟೇ: ನೀವು ಆ ಅವಧಿಯಲ್ಲಿ ಆ ಪ್ರದೇಶದಲ್ಲಿದ್ದಿರೆಂಬುದಕ್ಕೆ ಲಿಖಿತ ಪುರಾವೆ ಒದಗಿಸಿ. ಪುರಾವೆ ಬರೆದಿಡಬೇಕಾಗಿದ್ದವರು ಯಾರು? ಇಟ್ಟುಕೊಂಡಿರಬೇಕಾದವರು ಯಾರು? ಯುದ್ಧಭೂಮಿಯಲ್ಲಿ ಜವಾನನು ತನ್ನ ಹಾಜರಿಯ ನಕಲನ್ನು ಜೇಬಿನಲ್ಲಿಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡಿದ್ದರೆ ಅದೇ ಒಂದು ಅಪರಾಧವಾಗುತ್ತಿತ್ತು. ತನ್ನ ಮನೆಯ ಪೆಟ್ಟಿಗೆಯಲ್ಲಿರುವ ವಸ್ತುವಿಗಾಗಿ ಬೀದಿಯಲ್ಲಿ ಹೋಗುವವನ ಜೇಬನ್ನು ತಡಕುವ ಯಜಮಾನನ ಹಾಗಾಯಿತು ಇದು.

ಇನ್ನು ಹೆಸರಿನ ಗೋಳು. ಮೂರು ದಶಕ ಹಾಜರಿ ಪುಸ್ತಕ ಹಿಡಿದ ನನಗೆ ಇದು ಚೆನ್ನಾಗಿ ಅರ್ಥವಾಗುವ ವಿಷಯ. ನಮ್ಮಲ್ಲಿ ಬಹುಮಂದಿಗೆ ಉತ್ತರದವರಂತೆ ಮನೆತನದ ಹೆಸರನ್ನು ಕೊನೆಗೆ ಸೇರಿಸುವ ಪದ್ಧತಿಯಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವೊಂದು ಮುಂದೆ ನಿಲ್ಲುತ್ತದೆ. ಶಾಲೆಯ ದಾಖಲೆಯಲ್ಲಿ ‘ಎಂ. ಕೃಷ್ಣಪ್ಪ’ ಎಂದಿದ್ದ ಹುಡುಗ ಸೈನ್ಯದ ಭರ್ತಿಯ ದಿನ ‘ಕೃಷ್ಣಪ್ಪ ಎಂ.’ ಆಗುತ್ತಾನೆ, ಕನ್ನಡವರಿಯದ ಗುಮಾಸ್ತನ ಕಿವಿಯಲ್ಲಿ ‘ಕಿಷ್ಟಪ್ಪ’ನೋ ‘ಕಿಶನಪ್ಪ’ನೋ ಆಗುತ್ತಾನೆ, ಬ್ಯಾಂಕಿನಲ್ಲಿ ಒಂದು ‘ಪ’ಕಾರ ಕಳೆದುಕೊಳ್ಳುತ್ತಾನೆ, ಆಧಾರ್ ಚೀಟಿಯಲ್ಲಿ ತಂದೆಯ ಪೂರ್ತಿ ಹೆಸರನ್ನು ಹೊತ್ತುಕೊಳ್ಳುತ್ತಾನೆ. ಹುಟ್ಟಿದ ದಿನಾಂಕದ ಕಥೆ ಬೇರೆ. ಜನನ ನೋಂದಣಿ ಎಂಬುದೇ ಇಲ್ಲದ ಹಳ್ಳಿಗಳಲ್ಲಿ, ಶಾಲೆ ತೆರೆಯುವ ಕಾಲಕ್ಕೆ ಹೊಂದುವಂತೆ, ಮಕ್ಕಳನ್ನೆಲ್ಲ ಜೂನ್ 1ರಂದೇ ಹುಟ್ಟಿಸುತ್ತಿದ್ದ ಕಾಲವದು. ಈ ದೇಶದಲ್ಲಿ ಜೂನ್ 1ರಂದು ಹುಟ್ಟಿದಷ್ಟು ಜನ ಬೇರೆ ಯಾವ ದಿನವೂ ಹುಟ್ಟಿರಲಾರರೆಂದು ಶಿಕ್ಷಕರ ಕೊಠಡಿಯಲ್ಲಿ ನಗುತ್ತಿದ್ದೆವು. ಈಗ ಆ ನಾಲ್ಕು ಕಾಗದಗಳನ್ನು ಒಟ್ಟಿಗಿಟ್ಟು ‘ಇವು ತಾಳೆಯಾಗುತ್ತಿಲ್ಲ’ ಎಂದು ಅರ್ಜಿಯನ್ನು ಹಿಂದಿರುಗಿಸುವುದು ಸುಲಭ. ನಾಲ್ಕನ್ನೂ ಬರೆದವರು ನಾಲ್ಕು ಕಚೇರಿಗಳವರು. ಪ್ರಮಾಣಪತ್ರ ಮಾಡಿಸಲು ನೋಟರಿಯ ಮುಂದೆ ನಿಲ್ಲುವವನು ಮಾತ್ರ ಕೃಷ್ಣಪ್ಪ.

ಇದಕ್ಕಿಂತ ಕಠಿಣವಾದ ಇನ್ನೊಂದು ಸಂಗತಿಯಿದೆ. ಪಿಂಚಣಿಯಿಲ್ಲದೆ ಸೇವೆಯಿಂದ ಹೊರಬಂದ ಜವಾನರ ಸೇವಾ ಕಾಗದಗಳನ್ನು 25 ವರ್ಷ ಇಟ್ಟುಕೊಂಡು ಅನಂತರ ನಾಶಪಡಿಸುವುದು ಸೇನೆಯ ನಿಯಮ. ಲಾಂಗ್ ರೋಲ್ ಎಂಬ ಪುಸ್ತಕದಲ್ಲಿ ಕೆಲವು ಸಾಲುಗಳು ಮಾತ್ರ ಉಳಿಯುತ್ತವೆ. ಎರಡನೆಯ ಮಹಾಯುದ್ಧಕ್ಕೆ ಸೇರಿ ಯುದ್ಧ ಮುಗಿದೊಡನೆ ಮನೆಗೆ ಕಳುಹಿಸಲ್ಪಟ್ಟ ಮೈಸೂರು ಸೀಮೆಯ ಎಷ್ಟೋ ಹುಡುಗರ ಕಾಗದಗಳು ಹೀಗೆಯೇ ಹೋದವು. ಜಾಗದ ಅಭಾವವಿರಬಹುದು, ನಾಶಪಡಿಸಲಿ. ಆದರೆ ತಾನೇ ಸುಟ್ಟ ಕಾಗದವನ್ನು ತಾನೇ ಕೇಳುವುದು ಯಾವ ನ್ಯಾಯ?

“ಸೈನ್ಯ ಬಹು ದೊಡ್ಡದು, ಲಕ್ಷಗಟ್ಟಲೆ ಜನ, ಪ್ರತಿಯೊಬ್ಬರ ವಿಷಯವನ್ನೂ ಹುಡುಕಿಕೊಂಡು ಹೋಗಲು ಆಗುತ್ತದೆಯೇ, ಬೇಕಾದವರು ಕೇಳಬೇಕು” ಎನ್ನುವವರಿದ್ದಾರೆ. ಮೇಲ್ನೋಟಕ್ಕೆ ವಿವೇಕದ ಮಾತು. ಅದಕ್ಕೆ ನನ್ನ ಉತ್ತರ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು.

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ನಮ್ಮ ವಾಯುಪಡೆಯ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿ ಮಾಡಿದವು. ಸ್ಕ್ವಾಡ್ರನ್ ಲೀಡರ್ ದೇವಯ್ಯನವರು ಕಾಯ್ದಿರಿಸಿದ ಪೈಲಟ್. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೊರಡಬೇಕಾದವರು. ಹೊರಟರು, ಹಿಂದಿರುಗಲಿಲ್ಲ. ಕಡತದಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಮಾತು ಬಿತ್ತು. ಆಗಸದಲ್ಲಿ ನಡೆದದ್ದು ಬೇರೆಯೇ. ಅವರ ವಿಮಾನವನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನದ ಪೈಲಟ್, ಮಿಸ್ಟೇರಿಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್‌ನಲ್ಲಿ ಅಟ್ಟಿಬಂದು ಹೊಡೆದ. ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯನವರು ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಬದುಕಿಕೊಂಡ, ದೇವಯ್ಯನವರು ಬದುಕಲಿಲ್ಲ. ನಮ್ಮ ಕಡೆಯವರು ಯಾರೂ ಇದನ್ನು ಕಂಡಿರಲಿಲ್ಲ. ಅದೇ ಅಮ್ಜದ್ ಹುಸೇನ್ 1971ರ ಡಿಸೆಂಬರಿನಲ್ಲಿ ಅಮೃತಸರದ ಬಳಿ ನೆಲಕ್ಕುರುಳಿ ಭಾರತದ ಯುದ್ಧಕೈದಿಯೂ ಆದ. ಆದರೂ ದೇವಯ್ಯನವರ ಕಡತದ ಸಾಲು ಬದಲಾಗಲಿಲ್ಲ.

ಸತ್ಯ ಹೊರಬಿದ್ದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಆ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ. ತಮ್ಮ ಸ್ಟಾರ್‌ಫೈಟರನ್ನು ಮಿಸ್ಟೇರೊಂದು ಉರುಳಿಸಿತೆಂದು ಅದರಲ್ಲಿತ್ತು. ಆ ದಾಳಿಯಿಂದ ಮರಳದ ಮಿಸ್ಟೇರ್ ಯಾವುದೆಂದು ನಮ್ಮವರು ತಾಳೆ ನೋಡಿದರು. ಅಂದು ಸ್ಕ್ವಾಡ್ರನ್ನಿನ ನಾಯಕರಾಗಿದ್ದ ಒ.ಪಿ. ತನೇಜಾ ಅವರಂತಹವರು ಬೆನ್ನುಬಿದ್ದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಘಟನೆಯಿಂದ 23 ವರ್ಷಗಳ ಮೇಲೆ, ಪುಸ್ತಕ ಅಚ್ಚಾದ ಮೇಲೂ ಒಂಬತ್ತು ವರ್ಷಗಳ ಮೇಲೆ. ಅದನ್ನು ಸ್ವೀಕರಿಸಿದವರು ಅವರ ಪತ್ನಿ. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇದೇ ಕಥೆ ಅದು. ಅಲ್ಲಿಯೂ ಅವರ ಹೆಸರನ್ನು ಬದಲಿಸಿದ್ದಾರೆ, ಇರಲಿ.

ಈಗ ಹೇಳಿ, ‘ಬೇಕಾದವರು ಕೇಳಬೇಕು’ ಎಂದರೆ ದೇವಯ್ಯನವರ ವಿಷಯದಲ್ಲಿ ಯಾರು ಕೇಳಬೇಕಾಗಿತ್ತು? ಸತ್ತವರು ಕೇಳಲಾರರು. ಆಕಾಶದಲ್ಲಿ ಏನಾಯಿತೆಂದು ಅವರ ಪತ್ನಿಗೆ ತಿಳಿಯುವ ಮಾರ್ಗವಿರಲಿಲ್ಲ. ವೈರಿಯ ಕಡೆಯವರು ಪ್ರಾಮಾಣಿಕವಾಗಿ ಒಂದು ಸಾಲು ಒಪ್ಪಿಕೊಳ್ಳದಿದ್ದರೆ ಮಡಿಕೇರಿಯಲ್ಲಿ ಇಂದು ಅವರ ಹೆಸರಿನ ವೃತ್ತವೂ ಇರುತ್ತಿರಲಿಲ್ಲ. ಅವರು ವಾಯುಪಡೆಯ ಅಧಿಕಾರಿ. ಅವರ ಪಾಲಿಗೆ ಒಂದು ಪುಸ್ತಕ ಬಂತು, ಹಟ ಹಿಡಿಯುವ ಒಬ್ಬ ನಾಯಕರಿದ್ದರು. ಯಾವುದೋ ಕಾಲುವೆಯ ದಂಡೆಯಲ್ಲಿ ಮದ್ದುಗುಂಡಿನ ಪೆಟ್ಟಿಗೆ ಹೊತ್ತ ಜವಾನನ ಬಗ್ಗೆ ಯಾವ ಆಂಗ್ಲ ಲೇಖಕ ಪುಸ್ತಕ ಬರೆಯುತ್ತಾನೆ?

ದರ್ಜೆ ಇದ್ದರೆ ಎಲ್ಲ ಸರಾಗ ಎಂದೂ ತಿಳಿಯಬೇಡಿ. ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರಿಗೆ ಅವರ ಪದವಿಗೆ ತಕ್ಕ ವೇತನದ ಬಾಕಿ, ಒಂದು ಕೋಟಿ ರೂಪಾಯಿಗೂ ಮೀರಿದ್ದು, ಕೈಸೇರಿದ್ದು 2007ರಲ್ಲಿ, ರಾಷ್ಟ್ರಪತಿ ಕಲಾಂ ಅವರು ಆಸ್ಪತ್ರೆಯಲ್ಲಿ ಅವರನ್ನು ಕಂಡು ಬಂದ ಬಳಿಕ. ಮರುವರ್ಷವೇ ಅವರು ತೀರಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ?

ಹೊರದೇಶದವರೇನೂ ದೇವತೆಗಳಲ್ಲ. ಆದರೂ ಅಮೆರಿಕದಲ್ಲಿ 1946ರ ಕಾನೂನಿನ ಆಧಾರದ ಮೇಲೆ ಸೈನಿಕರ ದಾಖಲೆಗಳನ್ನು ತಿದ್ದುವುದಕ್ಕೆಂದೇ ಮಂಡಲಿಗಳಿವೆ. ಅವುಗಳ ಸದಸ್ಯರು ಸಮವಸ್ತ್ರದವರಲ್ಲ, ನಾಗರಿಕರು. 1973ರ ಜುಲೈಯಲ್ಲಿ ಸೇಂಟ್ ಲೂಯಿಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಬೂದಿಯಾದಾಗ, ಸಂಬಳದ ಪಟ್ಟಿ ಮುಂತಾದ ಬೇರೆ ಬೇರೆ ಕಾಗದಗಳಿಂದ ಸೇವಾ ವಿವರಗಳನ್ನು ಮತ್ತೆ ಕಟ್ಟುವ ಕೆಲಸವನ್ನು ಆ ಕೇಂದ್ರವೇ ಕೈಗೆತ್ತಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಜನರಲ್ಲಿ ಒಬ್ಬನಿಗೂ ಅತ್ಯುನ್ನತ ಪದಕ ಸಿಕ್ಕಿಲ್ಲವೇಕೆ ಎಂದು 1990ರ ದಶಕದಲ್ಲಿ ಅಲ್ಲಿನ ಸೇನೆ ತಾನೇ ಅಧ್ಯಯನ ಮಾಡಿಸಿತು. 1997ರಲ್ಲಿ ಏಳು ಮಂದಿಗೆ ಪದಕ ಕೊಟ್ಟಿತು. ಆ ವೇಳೆಗೆ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ತಡವಾಯಿತು, ನಿಜ, ಆದರೆ ಹುಡುಕಿದ್ದು ಸರ್ಕಾರ.

ನಮ್ಮಲ್ಲಿ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಮಾಡುತ್ತಿದೆ, ಅದು ಒಳ್ಳೆಯದೇ. ಆದರೆ ಬೆಂಗಳೂರಿಗೆ ಅದರ ಸ್ವಂತ ಪೀಠವಿಲ್ಲ. ಕರ್ನಾಟಕವು ಕೊಚ್ಚಿಯ ಪೀಠಕ್ಕೆ ಸೇರಿದೆ. ಒಂದು ಪದಕಕ್ಕಾಗಿ ವಕೀಲರನ್ನು ಹಿಡಿದು ಮೊಕದ್ದಮೆ ಹೂಡು ಎಂದು ಎಂಬತ್ತರ ವೃದ್ಧನಿಗೆ ಹೇಳುವುದು ‘ಬಿಟ್ಟುಬಿಡು’ ಎಂದು ಹೇಳಿದಂತೆಯೇ.

ಕನ್ನಡ ನಾಡಿಗೆ ಈ ವಿಷಯ ಹೊಸದೂ ಅಲ್ಲ. ನಮ್ಮ ಬಡಾವಣೆಯ ಮಗ್ಗುಲಲ್ಲೇ ಹಾದುಹೋಗುವ ಹೊಸೂರು ರಸ್ತೆಯನ್ನು ಹಿಡಿದು ಬೊಮ್ಮನಹಳ್ಳಿ ಮುಟ್ಟಿ, ಅಲ್ಲಿಂದ ತಿರುಗಿದರೆ ಬೇಗೂರು. ಅಲ್ಲಿನ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಮೊದಲು ಕಾಣುವುದು ಅದರಲ್ಲಿಯೇ. ಏನದು? ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಮಗನೊಬ್ಬ ಮಡಿದನೆಂಬ ನಮೂದು. ಈ ಮಹಾನಗರದ ಮೊದಲ ಕಾಗದವೇ ಒಬ್ಬ ಹೋರಾಳುವಿನ ಸೇವಾ ದಾಖಲೆ! ಆತಕೂರಿನ ಶಾಸನವನ್ನು ತರಗತಿಯಲ್ಲಿ ನಾನು ಹೇಳಿದ್ದು ನಿಮಗೆ ನೆನಪಿರಬಹುದು. ತಕ್ಕೋಲದ ಯುದ್ಧವಾದದ್ದು 949ರಲ್ಲಿ. ಅದರಲ್ಲಿ ಪರಾಕ್ರಮ ತೋರಿದ ಮಣಲೆರನನ್ನು ದೊರೆ ‘ಏನು ಬೇಕು, ಬೇಡು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಡನೆ ಕಾದಾಡಿ ಸತ್ತಾಗ ಅದರ ಹೆಸರನ್ನೂ ಕಲ್ಲಿನಲ್ಲಿ ಬರೆಸಿದರು. ಆ ಕಲ್ಲು ನಮ್ಮ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರನಿಂದ ಯಾರೂ ಪುರಾವೆ ಕೇಳಿದಂತೆ ಶಾಸನದಲ್ಲಿ ಕಾಣುವುದಿಲ್ಲ.

ನನ್ನ ವಾದವಿಷ್ಟು. ದಾಖಲೆಯಲ್ಲಿ ದೋಷವಿದೆಯೆಂದು ಸೈನಿಕ ಒಂದು ಸಾಲು ಬರೆದರೆ ಸಾಕು. ದೋಷವಿಲ್ಲವೆಂದು ತೋರಿಸುವ ಹೊಣೆ ಅಲ್ಲಿಂದ ಕಚೇರಿಯದ್ದಾಗಬೇಕು. ದಳದ ಯುದ್ಧ ದಿನಚರಿ, ಸಂಬಳದ ಪಟ್ಟಿ, ಜತೆಗಿದ್ದವರ ಕಡತ, ಇವೆಲ್ಲ ಸರ್ಕಾರದ ಕೈಯಲ್ಲಿವೆ, ವೃದ್ಧನ ಟ್ರಂಕಿನಲ್ಲಿಲ್ಲ. ಕಾಗದ ನಾಶವಾಗಿದ್ದರೆ ಜತೆಯವರಿಬ್ಬರ ಪ್ರಮಾಣವನ್ನು ಒಪ್ಪಬೇಕು. ಹೆಸರಿನ ಕಾಗುಣಿತದ ವ್ಯತ್ಯಾಸವನ್ನು, ಸೈನಿಕ ಸಂಖ್ಯೆ ಒಂದೇ ಆಗಿರುವವರೆಗೆ, ವ್ಯತ್ಯಾಸವೆಂದೇ ಎಣಿಸಬಾರದು. ಉತ್ತರವನ್ನು ಅರ್ಜಿದಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಬೇಕು. ಇದರಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ. ಹೀಗೆ ಟಿಪ್ಪಣಿ ಬರೆಯುವ ಅಧಿಕಾರ ನಿಮ್ಮಂತಹವರ ಮೇಜಿನ ಮೇಲೆಯೇ ಇದೆ.

ನಿಮ್ಮ ಮನೆಯಲ್ಲಿ ಅಜ್ಜನದೋ ದೊಡ್ಡಪ್ಪನದೋ ಡಿಸ್ಚಾರ್ಜ್ ಪುಸ್ತಕವಿದ್ದರೆ ಈ ವಾರವೇ ತೆಗೆದು, ಪುಟಪುಟವನ್ನೂ ಛಾಯಾಚಿತ್ರ ತೆಗೆದಿಡಿ. ಆ ಕಾಲದ ಶಾಯಿ ಬೇಗ ಮಾಸುತ್ತದೆ. ಪದಕಗಳ ಪುಟ ಖಾಲಿಯಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಶೀಟ್ ರೋಲ್‌ನ ನಕಲು ಕೇಳಿ. ಮದರಾಸು ಸ್ಯಾಪರ್ಸ್ ದಳದವರಾಗಿದ್ದರೆ ಕಚೇರಿ ಹಲಸೂರಿನಲ್ಲೇ ಇದೆ. ತೋಪಖಾನೆಯವರಾದರೆ ನಾಸಿಕ್ ರೋಡ್, ಸಿಗ್ನಲ್ಸ್ ಆದರೆ ಜಬಲ್ಪುರ, ಮದರಾಸು ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಮರಾಠಾ ಲಘು ಪದಾತಿಯಾದರೆ ಬೆಳಗಾವಿ. ಅರ್ಜಿ ಬರೆಯಲು ಬಾರದಿದ್ದರೆ ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬನ್ನಿ. ಹವಾಲ್ದಾರರೂ ಇರುತ್ತಾರೆ, ಎಷ್ಟು ಪ್ರತಿ ಬೇಕು, ಯಾವ ಲಕೋಟೆಗೆ ಎಷ್ಟು ಅಂಚೆಚೀಟಿ ಎಂಬುದೆಲ್ಲ ಈಗ ಅವರಿಗೆ ಬಾಯಿಪಾಠ.