ಮನೆಗಳು ಉಳಿದವು, ನೆರೆಹೊರೆ ಎಲ್ಲಿ?

‘ಸಾಂಸ್ಕೃತಿಕ ವೈವಿಧ್ಯದ ಸಂಭ್ರಮ’ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ತೀರ ಅಗ್ಗವಾಗಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಒಂದು ಮಗು ಬ್ಯಾರಿಯ ಟೋಪಿಯನ್ನೂ ಇನ್ನೊಂದು ಕೊರಗರ ಡೋಲನ್ನೂ ಮತ್ತೊಂದು ಕ್ರೈಸ್ತ ಮದುಮಗಳ ಬಿಳಿಯ ಉಡುಪನ್ನೂ ಧರಿಸಿ ವೇದಿಕೆಯ ಮೇಲೆ ಕೈಕೈ ಹಿಡಿದು ನಿಂತರೆ ಸಾಕು, ಸಭಿಕರ ಕಣ್ಣು ತೇವಗೊಳ್ಳುತ್ತದೆ. ಅದೇ ಸಭಿಕರಲ್ಲಿ ಕೆಲವರು ಮನೆಗೆ ಹಿಂದಿರುಗುವ ದಾರಿಯಲ್ಲಿಯೇ, ಖಾಲಿ ಇರುವ ತಮ್ಮ ಬಾಡಿಗೆ ಮನೆಗೆ ಬರಲಿರುವವನು ಯಾವ ಜಾತಿಯವನೆಂದು ದಲ್ಲಾಳಿಗೆ ಫೋನು ಮಾಡಿ ವಿಚಾರಿಸುತ್ತಾರೆ. ವೇದಿಕೆಯ ವೈವಿಧ್ಯಕ್ಕೂ ಬೀದಿಯ ವೈವಿಧ್ಯಕ್ಕೂ ನಡುವೆ ಇರುವ ಈ ಕಂದರವನ್ನು ಕುರಿತು ನಾಲ್ಕು ನಿಷ್ಠುರದ ಮಾತುಗಳನ್ನು ಆಡಲೇಬೇಕಾಗಿದೆ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿದವರಿಗೆ ನಾನು ಹೇಳುವುದು ಬೇಗ ಮನವರಿಕೆಯಾದೀತು. ನೋಡದವರು ಕುಟುಂಬ ಸಮೇತ ಒಮ್ಮೆ ಹೋಗಿ ಬರುವುದು ಒಳ್ಳೆಯದು. 2017ರಲ್ಲಿ ನಮ್ಮನ್ನಗಲಿದ ವಿಜಯನಾಥ ಶೆಣೈಯವರು ಸುಮಾರು ಆರು ಎಕರೆ ನೆಲದಲ್ಲಿ ಕಟ್ಟಿ ನಿಲ್ಲಿಸಿದ ಊರು ಅದು. ಕಟ್ಟಿದರು ಎನ್ನುವುದಕ್ಕಿಂತ ಎತ್ತಿ ತಂದರು ಎನ್ನುವುದೇ ಸರಿ. ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಕೊಂಡು, ಕಂಬ, ತೊಲೆ, ಬಾಗಿಲು, ದಾರಂದಗಳನ್ನು ಒಂದೊಂದಾಗಿ ಬಿಚ್ಚಿ, ಗುರುತು ಹಾಕಿ, ಲಾರಿಗಳಲ್ಲಿ ತಂದು, ಮೊದಲಿದ್ದಂತೆಯೇ ಮತ್ತೆ ಜೋಡಿಸಿದರು. ಕುಂಜೂರಿನ ಚೌಕಿಮನೆ, ಕಾರ್ಕಳದ ಮಿಯಾರಿನ ಮನೆ, ಕುಂದಾಪುರದ ಕಡೆಯ ಹರ್ಕೂರಿನ ಮನೆ, ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲ ಮಹಲು, ವೀರಶೈವ ಜಂಗಮ ಮಠ, ಭಟ್ಕಳದ ನವಾಯತ ಮುಸಲ್ಮಾನರ ಮನೆ, ಬಾಸೆಲ್ ಮಿಶನ್ನಿನ ಮನೆ, ಎಲ್ಲವೂ ಒಂದೇ ಆವರಣದಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ. ಬ್ಯಾಂಕಿನ ಕೆಲಸದಿಂದ ಜೀವನ ಆರಂಭಿಸಿದ ಒಬ್ಬ ಮನುಷ್ಯ, ಊರವರು ಹುಚ್ಚನೆಂದು ನಗುತ್ತಿದ್ದಾಗಲೂ ಬಿಡದೆ ಮಾಡಿದ ಕೆಲಸ ಇದು.

ಈ ಮನೆಗಳು ಏಕೆ ಮಾರಾಟಕ್ಕೆ ಬಂದವೆಂಬುದನ್ನೂ ನೆನೆಯಬೇಕು. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿಯ ಅಕ್ಕಿ ನಿಂತಿತು, ಕೂಡುಕುಟುಂಬಗಳು ಒಡೆದವು, ಮಕ್ಕಳು ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋದರು. ಗೇಣಿದಾರನಿಗೆ ನ್ಯಾಯ ದೊರೆತದ್ದು ಸರಿಯಾದುದೇ. ಆದರೆ ದೊಡ್ಡ ಮನೆಯ ಮಾಡಿನ ಹೆಂಚು ಬದಲಿಸಲು ಹಣವಿಲ್ಲದಾಗ, ಹಲಸಿನ ಕಂಬಗಳಿಗೆ ಮರದ ವ್ಯಾಪಾರಿ ಕಟ್ಟಿದ ಬೆಲೆಯೇ ಆ ಮನೆಗಳ ಬೆಲೆಯಾಯಿತು. ಶೆಣೈಯವರು ಕೈಯೊಡ್ಡದೆ ಇದ್ದಿದ್ದರೆ ಅವು ಸೌದೆಯಾಗುತ್ತಿದ್ದವು. ಆದುದರಿಂದ ನನ್ನ ತಕರಾರು ಅವರ ಮೇಲಲ್ಲ. ಅಲ್ಲಿಗೆ ಹೋಗಿ, ಒಂದೆರಡು ಗಂಟೆ ಸುತ್ತಾಡಿ, ‘ನಮ್ಮದು ಎಂಥ ವೈವಿಧ್ಯದ ನಾಡು!’ ಎಂದು ಉದ್ಗರಿಸಿ ಹೊರಬರುವ ಸಂದರ್ಶಕರ ಮೇಲೆ.

ಏಕೆಂದರೆ ಅಲ್ಲಿನ ಮನೆಗಳು ಜಗಳವಾಡುವುದಿಲ್ಲ. ನವಾಯತರ ಅಡುಗೆಮನೆಯಿಂದ ಮಾಂಸದ ವಾಸನೆ ಬಂದು ಜಂಗಮ ಮಠದವರು ಮೂಗು ಮುಚ್ಚಿಕೊಳ್ಳಬೇಕಾದ ಪ್ರಸಂಗವಿಲ್ಲ. ಆಜಾನ್ ಇಲ್ಲ, ಗಂಟೆಯಿಲ್ಲ, ಕೋಲದ ತೆಂಬರೆಯಿಲ್ಲ. ಮನುಷ್ಯರನ್ನು ತೆಗೆದುಬಿಟ್ಟ ಮೇಲೆ ಎಲ್ಲ ಸಮುದಾಯಗಳೂ ಬಹಳ ಸುಂದರವಾಗಿಯೇ ಇರುತ್ತವೆ! ಇನ್ನೊಂದು ಸಂಗತಿ: ಉಳಿದು ಬರುವುದು ಮರವಿದ್ದವರ ಮನೆ ಮಾತ್ರ. ಮುಳಿಹುಲ್ಲು ಹೊದಿಸಿದ ಗುಡಿಸಲನ್ನು ಬಿಚ್ಚಿ, ಗುರುತು ಹಾಕಿ, ಲಾರಿಗೇರಿಸಲು ಬರುವುದಿಲ್ಲ. ಇದೇ ಜಿಲ್ಲೆಯಲ್ಲಿ ಕೊರಗರನ್ನು ಮನುಷ್ಯರಿಗಿಂತ ಕೀಳಾಗಿ ಕಂಡ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಒಂದು ಕಾಯಿದೆಯೇ ಬೇಕಾಯಿತು ಎಂಬುದು ಯಾವ ಚೌಕಿಮನೆಯ ಕಂಬದಲ್ಲಿಯೂ ಕೆತ್ತಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮುಧೋಳದ ದರ್ಬಾರು ಮತ್ತು ಕುಕನೂರಿನ ಮಹಲು. ಒಂದು ಬಾಗಲಕೋಟೆ ಜಿಲ್ಲೆಯದು, ಇನ್ನೊಂದು ಕೊಪ್ಪಳದ್ದು. ಎರಡಕ್ಕೂ ಮಣಿಪಾಲದಲ್ಲಿ ರಾಜಮರ್ಯಾದೆ ದೊರೆತಿದೆ. ಅವೇ ಜಿಲ್ಲೆಗಳಿಂದ ಮಳೆಯಿಲ್ಲದೆ ಗುಳೆ ಬಂದ ಸಾವಿರಾರು ಕೂಲಿಕಾರರು ಉಡುಪಿ, ಮಣಿಪಾಲಗಳ ಬಹುಮಹಡಿ ಕಟ್ಟಡಗಳಿಗೆ ಕಲ್ಲು, ಮರಳು ಹೊರುತ್ತಿದ್ದಾರೆ. ಅವರು ಕಟ್ಟಿದ ಮನೆಗಳಲ್ಲಿ ನಾವು ವಾಸಿಸುತ್ತೇವೆ; ಅವರು ಖಾಲಿ ನಿವೇಶನಗಳಲ್ಲಿ ತಗಡು, ಟಾರ್ಪಾಲಿನ ಕೆಳಗೆ ಕರಾವಳಿಯ ಮಳೆಗಾಲವನ್ನು ಕಳೆಯುತ್ತಾರೆ. ಅವರನ್ನು ನಾವು ‘ಘಟ್ಟದವರು’ ಎಂದು ಕರೆಯುತ್ತೇವೆ, ಆ ಮಾತಿನ ಧಾಟಿ ಎಂಥದೆಂದು ವಾಚಕರಿಗೆ ಗೊತ್ತೇ ಇದೆ. ಎಲ್ಲಿಯೋ ಕಳವಾದರೆ ಮೊದಲು ಅನುಮಾನ ಬೀಳುವುದು ಆ ಶೆಡ್ಡಿನ ಮೇಲೆ. ಅವರ ನಾಡಿನ ಕಂಬ ನಮಗೆ ಪರಂಪರೆ, ಅವರು ನಮಗೆ ಉಪದ್ರವ.

ಕಾಪುವಿನ ವಿಷಯ ಇನ್ನೂ ನೋವಿನದು. ಅಲ್ಲಿನ ಸುಗ್ಗಿ ಮಾರಿಪೂಜೆಗೆ ಹೂ, ಹಣ್ಣು, ಕೋಳಿ ಮಾರಲು ಎಲ್ಲ ಮತದವರೂ ಬರುತ್ತಿದ್ದರು. ಮಾರಿಗುಡಿಯಲ್ಲಿ ನಾದಸ್ವರ ನುಡಿಸುವ ಸೇವೆಯನ್ನು ತಲೆಮಾರುಗಳಿಂದ ಒಂದು ಮುಸ್ಲಿಂ ಕುಟುಂಬ ನಡೆಸಿಕೊಂಡು ಬಂದಿದೆ. 2022ರ ಮಾರ್ಚ್ ತಿಂಗಳಲ್ಲಿ, ಕೆಲವು ಸಂಘಟನೆಗಳ ಒತ್ತಾಯದಿಂದ, ಅಂಗಡಿಗಳ ಏಲಂ ಹಿಂದೂಗಳಿಗೆ ಮಾತ್ರ ಎಂದಾಯಿತು. ಅದೇ ದಿನಗಳಲ್ಲಿ ಅನತಿ ದೂರದ ಮೂಲ್ಕಿಯ ಬಪ್ಪನಾಡಿನ ಜಾತ್ರೆಯಲ್ಲಿಯೂ ಅಂಥದೇ ಫಲಕ ಕಂಡಿತು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನೇ ಕಟ್ಟಿಸಿದನೆಂದು ಊರವರು ಅಭಿಮಾನದಿಂದ ಹೇಳುವ, ಅವನ ಹೆಸರನ್ನೇ ಹೊತ್ತ ದೇವಸ್ಥಾನದ ಜಾತ್ರೆ ಅದು!

ಇದಕ್ಕೆ ಕಾನೂನಿನ ಸಮರ್ಥನೆಯೂ ಬಂತು. ಧಾರ್ಮಿಕ ದತ್ತಿ ಕಾಯಿದೆಯಡಿ 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡುವಂತಿಲ್ಲವೆಂದು ವಿಧಾನಸಭೆಯಲ್ಲಿಯೇ ಉತ್ತರಿಸಲಾಯಿತು. ನಿಯಮವಿರುವುದು ನಿಜ. ಆದರೆ ಅದು ಬಂದು ಇಪ್ಪತ್ತು ವರ್ಷಗಳ ಕಾಲ ಜಾತ್ರೆಯ ಬಳೆಯಂಗಡಿಗೂ ಕಬ್ಬಿನ ಹಾಲಿನ ಗಾಡಿಗೂ ಅದನ್ನು ಅನ್ವಯಿಸಬೇಕೆಂದು ಯಾರಿಗೂ ತೋರಲಿಲ್ಲ. ಜಮೀನಿನ ಗುತ್ತಿಗೆಯೇ ಬೇರೆ, ಎರಡು ದಿನ ಬೀದಿಯಲ್ಲಿ ಹಾಸುವ ಚಾಪೆಯೇ ಬೇರೆ. ಹಳೆಯ ನಿಯಮವನ್ನು ಆ ವರ್ಷವೇ ಹುಡುಕಿ ತೆಗೆದವರ ಉದ್ದೇಶ ನಿಯಮಪಾಲನೆಯಾಗಿರಲಿಲ್ಲ.

ಇದು ದೇವಸ್ಥಾನದವರ ವಿಚಾರ, ಕ್ರೈಸ್ತರ ಪತ್ರಿಕೆಗೆ ಏಕೆಂದು ಕೆಲವರು ಕೇಳಿಯಾರು. ಬಾಸೆಲ್ ಮಿಶನ್ನಿನ ಮನೆಯೂ ಆ ಸಾಲಿನಲ್ಲಿಯೇ ಇದೆಯಲ್ಲ, ಅದಕ್ಕಾಗಿ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನು ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದ್ದು ಲಾಭದ ಆಸೆಯಿಂದಲ್ಲ. ದೀಕ್ಷೆ ಪಡೆದವರು ಮನೆಯನ್ನೂ ಕಸುಬನ್ನೂ ಕಳೆದುಕೊಂಡು ಬೀದಿಗೆ ಬೀಳುತ್ತಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಉದ್ಯಮದ ಕೆಂಪು ಹೆಂಚು ಕ್ರಮೇಣ ಬ್ರಾಹ್ಮಣರ ಮನೆಗೂ ಬಂಟರ ಗುತ್ತಿಗೂ ಮಸೀದಿಗೂ ಇಗರ್ಜಿಗೂ ಮಾಡಾಯಿತು. ನೆರೆಯವರು ಕೊಳ್ಳದೆ ಇದ್ದಿದ್ದರೆ ಆ ಕೆಲಸಗಾರರ ಒಲೆ ಉರಿಯುತ್ತಿರಲಿಲ್ಲ. ‘ಅವರಿಂದ ಕೊಳ್ಳಬೇಡಿ’ ಎಂಬ ಮಾತು ಅಂದು ಎದ್ದಿದ್ದರೆ ಇಂದು ನಮ್ಮಲ್ಲಿ ಎಷ್ಟು ಕುಟುಂಬಗಳು ಇರುತ್ತಿದ್ದವೋ! ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಬೇರೆ ಸಮುದಾಯಗಳ ಗಣ್ಯರನ್ನು ಕೂಡಿಕೊಂಡು ಕಟ್ಟಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾಯಿತು. ಠೇವಣಿಯಿಡುವವರು ಅಂದು ಸ್ಥಾಪಕನ ಧರ್ಮವನ್ನು ನೋಡಿದ್ದರೆ ಅದು ಮೊದಲ ವರ್ಷವನ್ನೂ ದಾಟುತ್ತಿರಲಿಲ್ಲ. 2020ರಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ನಮ್ಮವರೂ ಈ ಆರೋಪದಿಂದ ಮುಕ್ತರಲ್ಲ. ‘ಕ್ರೈಸ್ತ ಕುಟುಂಬಕ್ಕೆ ಮಾತ್ರ’ ಎಂದು ಬಾಯಿಮಾತಿನಲ್ಲಿ ಬಾಡಿಗೆ ಕೊಡುವವರು ನಮ್ಮ ವಾಳೆಗಳಲ್ಲಿಯೂ ಇದ್ದಾರೆ. ಈಶಾನ್ಯ ರಾಜ್ಯದ ವಿದ್ಯಾರ್ಥಿನಿ ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ಯಾರೂ ಮಾತನಾಡಿಸದೆ ಹಿಂದಿರುಗುವ ದೃಶ್ಯ ಅಪರೂಪವೇ? ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯನ್ನು ನಾವು ಮಕ್ಕಳಿಂದ ನಾಟಕವಾಡಿಸುತ್ತೇವೆ. ಆ ಕಥೆಯಲ್ಲಿ ಅವನು ಪರಕೀಯನೆಂಬುದೇ ಮುಖ್ಯವಾದುದು ಎಂಬುದು ನಾಟಕದ ಗದ್ದಲದಲ್ಲಿ ಕೇಳಿಸುವುದೇ ಇಲ್ಲ.

ಬೆಲೆ ತೆತ್ತವರೂ ಇದ್ದಾರೆ. 2017ರ ಜೂನ್ ತಿಂಗಳಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮಿಗಳು ಉಡುಪಿ ಕೃಷ್ಣಮಠದ ಆವರಣದಲ್ಲಿ ಮುಸಲ್ಮಾನರಿಗೆ ಇಫ್ತಾರ್ ಏರ್ಪಡಿಸಿದರು. ಸ್ವಾಮಿಗಳ ಇತರ ನಿಲುವುಗಳ ಬಗ್ಗೆ ನಮ್ಮಲ್ಲಿ ಅನೇಕರಿಗೆ ಭಿನ್ನಾಭಿಪ್ರಾಯವಿತ್ತು, ನನಗೂ ಇದೆ. ಆದರೂ ಅವರ ಮೇಲೆ ಅವರ ಕಡೆಯವರೇ ಮುಗಿಬಿದ್ದು ಪ್ರತಿಭಟಿಸಿದರು, ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಗೋಡೆಗೆ ಚಿತ್ರ ಬರೆಸಿದರೆ ಇಂಥ ಪ್ರತಿಭಟನೆ ಬರುವುದಿಲ್ಲ, ಒಟ್ಟಿಗೆ ಊಟಕ್ಕೆ ಕುಳಿತರೆ ಬರುತ್ತದೆ.

ಕಾರ್ಕಳದಲ್ಲಿ ನಮಗೆ ಬೇರೆಯೇ ಪಾಠವಿದೆ. 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ, ಅದರಾಚೆ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ. ಯಾವುದನ್ನೂ ವೈವಿಧ್ಯ ತೋರಿಸಲೆಂದು ಕಟ್ಟಿದ್ದಲ್ಲ. ಜನ ಬದುಕಿದರು, ಪ್ರಾರ್ಥಿಸಿದರು, ಉಳಿಯಿತು. ಅದೇ ತಾಲೂಕಿನ ಬೈಲೂರಿನ ಉಮಿಕಲ್ ಬೆಟ್ಟದ ಮೇಲೆ 2023ರ ಜನವರಿಯಲ್ಲಿ ಉದ್ಘಾಟನೆಯಾದ ಪರಶುರಾಮನ ಪ್ರತಿಮೆ ನಿಜವಾಗಿಯೂ ಕಂಚಿನದೇ ಎಂದು ಜನರು ಕೇಳಿದರು. ಅದೇ ವರ್ಷ ಅದರ ಮೇಲ್ಭಾಗವನ್ನು ಕೆಳಗಿಳಿಸಲಾಯಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ತೀರ್ಪು ಏನೇ ಬರಲಿ, ಜನರು ಲೋಹವನ್ನು ತಟ್ಟಿ ನೋಡಿದ್ದು ಸರಿಯೇ. ನಮ್ಮ ಸೌಹಾರ್ದ ಸಮಾರಂಭಗಳನ್ನೂ ಹಾಗೆ ಯಾರಾದರೂ ತಟ್ಟಿ ನೋಡಬೇಕು.

ಅತ್ತೂರಿನ ಜನವರಿ ಜಾತ್ರೆಗೆ ಇಂದಿಗೂ ಎಲ್ಲ ಮತದವರು ಮೇಣದ ಬತ್ತಿ ಹಿಡಿದು ಬರುತ್ತಾರೆ. 2016ರಲ್ಲಿ ಬಸಿಲಿಕಾ ಪದವಿ ದೊರೆತ ಮೇಲೆ ಜನಸಂದಣಿ ಇನ್ನೂ ಹೆಚ್ಚಿದೆ. ಯಾವ ಇಗರ್ಜಿಯ ಸಾಂತ್ ಮಾರಿಯಾದರೂ ಅಂಗಡಿಗಳ ಏಲಂನ ವಿಷಯ ಮೊದಲು ಪಾಲನಾ ಮಂಡಳಿಯ ಮುಂದೆ ಬರುತ್ತದೆ. ಅಂದಿನ ನಿರ್ಣಯ ಪುಸ್ತಕದಲ್ಲಿ, ಅಂಗಡಿಗಳು ಯಾವ ಧರ್ಮದವರಿಗೂ ಮುಕ್ತವೆಂದು ಬರೆದಿಡಲಿ. ರೂಢಿಯಲ್ಲಿ ಹಾಗೆಯೇ ಇದೆಯೆಂದರೆ ಬರೆಯಲು ಕಷ್ಟವೇನು? ಇಗರ್ಜಿಯ ಸಭಾಭವನವನ್ನು ನೆರೆಯ ಮುಸಲ್ಮಾನರ, ದಲಿತರ ಮದುವೆಗೂ ಅದೇ ಬಾಡಿಗೆಗೆ ಕೊಡಲಿ. ಪ್ರತಿ ವಾಳೆಯ ಗುರಿಕಾರರು ತಮ್ಮ ಗಡಿಯೊಳಗಿನ ತಗಡಿನ ಶೆಡ್ಡುಗಳಿಗೆ ಮಳೆಗಾಲಕ್ಕೆ ಮುನ್ನ ಒಮ್ಮೆ ಹೋಗಿ, ಎಷ್ಟು ಮಕ್ಕಳಿದ್ದಾರೆ, ಯಾವ ಶಾಲೆಗೆ ಹೋಗುತ್ತಾರೆ, ಊರು ಮುಧೋಳದ ಕಡೆಯೋ ಕುಕನೂರಿನ ಕಡೆಯೋ ಎಂದು ಕೇಳಿ ಬರೆದುಕೊಂಡು ಬರಲಿ.